ಕೆನೆ ಹಾಕದೆ ಕೆನೆಯಂಥ ಟೀ ಲ್ಯಾಟೆ

ಟೀ ಲ್ಯಾಟೆ ಎಂಬ ಹೆಸರು ಕೇಳಿದೊಡನೆ ಅದಕ್ಕೆ ದುಬಾರಿ ಯಂತ್ರವೋ ಡಬ್ಬಿಯಲ್ಲಿ ಬರುವ ಸಿದ್ಧ ಪುಡಿಯೋ ಬೇಕೇ ಬೇಕು ಎಂದು ಭಾವಿಸುವವರು ಬಹಳ. ಇಟಾಲಿಯನ್ ಭಾಷೆಯಲ್ಲಿ ಲ್ಯಾಟೆ ಎಂದರೆ ಹಾಲು, ಅಷ್ಟೇ. ಗಟ್ಟಿಯಾಗಿ ಇಳಿಸಿದ ಚಹಾ ಡಿಕಾಕ್ಷನ್‌ಗೆ ನೊರೆ ಬರಿಸಿದ ಬಿಸಿ ಹಾಲನ್ನು ಕೊನೆಯ ಗಳಿಗೆಯಲ್ಲಿ ಸೇರಿಸಿದರೆ ಟೀ ಲ್ಯಾಟೆ ಆಯಿತು. ನಾವು ದಿನವೂ ಮಾಡುವ ಚಹಾದಲ್ಲಿ ನೀರು, ಹಾಲು, ಪುಡಿ, ಸಕ್ಕರೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಲ್ಯಾಟೆಯಲ್ಲಿ ಚಹಾ ಒಂದು ಪಾತ್ರೆಯಲ್ಲಿ, ಹಾಲು ಇನ್ನೊಂದರಲ್ಲಿ ತಯಾರಾಗಿ, ಲೋಟದಲ್ಲಿ ಮಾತ್ರ ಒಂದಾಗುತ್ತವೆ. ಹಾಗೆ ನೋಡಿದರೆ ಅದು ನಮ್ಮ ಮನೆಯ ಚಹಾಕ್ಕಿಂತ ನಮ್ಮ ಫಿಲ್ಟರ್ ಕಾಫಿಗೇ ಹತ್ತಿರದ ನೆಂಟ. ಕರಾವಳಿಯ ಹೋಟೆಲುಗಳಲ್ಲಿ ಗಾಜಿನ ಲೋಟದಲ್ಲಿ ಹಾಲು, ಡಿಕಾಕ್ಷನ್, ನೊರೆ ಪದರ ಪದರವಾಗಿ ನಿಂತ ಕೇಟಿಯನ್ನು ಕುಡಿದವರಿಗೆ ಈ ಕ್ರಮ ಹೊಸದೂ ಅಲ್ಲ.

ನಾನು ಮೊದಮೊದಲು ಲ್ಯಾಟೆಯ ಆ ನುಣುಪಿಗಾಗಿ ಹಾಲನ್ನು ಕುದಿಸಿ ಕುದಿಸಿ ಅರ್ಧಕ್ಕಿಳಿಸಿದೆ, ಫ್ರೆಶ್ ಕ್ರೀಮ್ ಬೆರೆಸಿದೆ, ಒಮ್ಮೆ ಕಂಡೆನ್ಸ್ಡ್ ಮಿಲ್ಕ್ ಕೂಡ ಹಾಕಿದೆ. ಪ್ರತಿ ಸಲವೂ ಸಿಕ್ಕಿದ್ದು ಪಾಯಸದ ಹತ್ತಿರದ ರುಚಿಯೇ ಹೊರತು ಚಹಾ ಅಲ್ಲ. ಕ್ರೀಮಿನ ಕೊಬ್ಬು ನಾಲಗೆಯ ಮೇಲೆ ಪದರದಂತೆ ಕುಳಿತು ಚಹಾದ ಪರಿಮಳವನ್ನು ಮುಚ್ಚಿಬಿಡುತ್ತದೆ. ನಾವು ಕೆನೆಯಂಥದ್ದು ಎಂದು ಗುರುತಿಸುವ ಆ ಮೃದುತ್ವ ಹುಟ್ಟುವುದು ಹಾಲಿನೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳು ಸಮನಾಗಿ ಹರಡಿಕೊಂಡಾಗ ಮತ್ತು ಹಾಲು ಕುದಿಯದೆ ತನ್ನ ಸಹಜ ಸಿಹಿಯನ್ನು ಉಳಿಸಿಕೊಂಡಾಗ. ಆದ್ದರಿಂದ ಇಲ್ಲಿ ಹೆಚ್ಚಿನ ಗಮನ ಬೇಕಾಗುವುದು ಹಾಲಿನ ಕಡೆಗೇ.

ಇಬ್ಬರಿಗೆ ಬೇಕಾಗುವ ಸಾಮಗ್ರಿ ಇಷ್ಟು: 250 ಮಿ.ಲೀ. ನೀರು, ಮಟ್ಟಸವಾಗಿ ಅಳೆದ 4 ಟೀ ಚಮಚ ಚಹಾಪುಡಿ (ಸುಮಾರು 10 ಗ್ರಾಂ), 300 ಮಿ.ಲೀ. ತಣ್ಣನೆಯ ಹಾಲು, 2 ರಿಂದ 3 ಟೀ ಚಮಚ ಸಕ್ಕರೆ. ಚಹಾಪುಡಿಯ ಪ್ರಮಾಣ ಜಾಸ್ತಿ ಎನಿಸಿದರೂ ದಯವಿಟ್ಟು ಕಡಿಮೆ ಮಾಡಬೇಡಿ. ಚಹಾದ ಒಗರಿಗೆ ಕಾರಣವಾದ ಅಂಶಗಳನ್ನು ಹಾಲಿನ ಕೇಸಿನ್ ಎಂಬ ಪ್ರೋಟೀನು ಹಿಡಿದಿಟ್ಟುಕೊಳ್ಳುತ್ತದೆ. ಬರಿದೇ ಕುಡಿದರೆ ಗಂಟಲು ಹಿಡಿಯುವಂಥ ಡಿಕಾಕ್ಷನ್ ಕೂಡ ಹಾಲು ಬಿದ್ದೊಡನೆ ಸೌಮ್ಯವಾಗುವುದು ಇದರಿಂದಲೇ. ಡಿಕಾಕ್ಷನ್ ತೆಳ್ಳಗಿದ್ದರೆ ಅಷ್ಟು ಹಾಲಿನ ನಡುವೆ ಚಹಾ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಪುಡಿಯ ಆಯ್ಕೆ ಕಷ್ಟದ್ದಲ್ಲ. ಅಂಗಡಿಯಲ್ಲಿ ಸಿಗುವ ಕಾಳುಕಾಳಾದ ಸಿ.ಟಿ.ಸಿ. ಚಹಾಪುಡಿಯೇ ಇದಕ್ಕೆ ಅತ್ಯುತ್ತಮ. ಎಲೆಯನ್ನು ಹಲ್ಲಿರುವ ರೋಲರುಗಳ ನಡುವೆ ಹಾಯಿಸಿ ಜಜ್ಜಿ, ಹರಿದು, ಸುರುಳಿಗೊಳಿಸುವ ಈ ವಿಧಾನ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡಿತು; ಕಾಳು ಚಿಕ್ಕದಾದ್ದರಿಂದ ಬಣ್ಣವನ್ನೂ ಕಸುವನ್ನೂ ಬೇಗ ಬಿಡುತ್ತದೆ. ಅಸ್ಸಾಂ ಪುಡಿಯಲ್ಲಿ ಗಡಸುತನ ಹೆಚ್ಚು, ನೀಲಗಿರಿಯದರಲ್ಲಿ ಪರಿಮಳ ಹೆಚ್ಚು. ಎರಡನ್ನೂ ಸಮಪಾಲು ಬೆರೆಸಿಟ್ಟುಕೊಳ್ಳುವುದು ನನ್ನ ರೂಢಿ. ಬಿಡಿ ಎಲೆಯ ದುಬಾರಿ ಡಾರ್ಜೀಲಿಂಗ್ ಚಹಾವನ್ನು ಲ್ಯಾಟೆಗೆ ಬಳಸುವುದು ಮಾತ್ರ ಅನ್ಯಾಯ. ಅದರ ನಾಜೂಕು ಪರಿಮಳ ಹಾಲಿನಲ್ಲಿ ಕರಗಿಹೋಗುತ್ತದೆ.

ಇನ್ನು ಹಾಲು. ಪ್ಯಾಕೆಟ್ಟಿನ ಮೇಲೆ ಮುದ್ರಿಸಿರುವ ಕೊಬ್ಬಿನ ಪ್ರಮಾಣವನ್ನು ಒಮ್ಮೆ ಓದಿಕೊಳ್ಳಿ. ಟೋನ್ಡ್ ಹಾಲಿನಲ್ಲಿ ಶೇ. 3ರಷ್ಟು, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ. 4.5ರಷ್ಟು, ಫುಲ್ ಕ್ರೀಮ್ ಹಾಲಿನಲ್ಲಿ ಶೇ. 6ರಷ್ಟು ಕೊಬ್ಬಿರುತ್ತದೆ. ನೊರೆಯನ್ನು ಕಟ್ಟಿ ನಿಲ್ಲಿಸುವುದು ಹಾಲಿನ ಪ್ರೋಟೀನು. ಬಾಯಿಗೆ ನುಣುಪು ಕೊಡುವುದು ಕೊಬ್ಬು. ಕೊಬ್ಬು ತೀರ ಕಡಿಮೆಯಾದರೆ ನೊರೆ ಎತ್ತರಕ್ಕೆ ಬಂದರೂ ಹತ್ತಿಯಂತೆ ಒಣಕಲಾಗಿರುತ್ತದೆ, ತೀರ ಹೆಚ್ಚಾದರೆ ಪಾನೀಯ ಭಾರವಾಗುತ್ತದೆ. ಹಲವು ಸಲ ಮಾಡಿ ನೋಡಿದ ಮೇಲೆ ನನಗೆ ಹದವೆನಿಸಿದ್ದು ಶೇ. 4.5ರ ಹಾಲು. ಮನೆಯಲ್ಲಿರುವುದು ಟೋನ್ಡ್ ಹಾಲೇ ಆಗಿದ್ದರೆ 300 ಮಿ.ಲೀ.ಗೆ ಒಂದು ದೊಡ್ಡ ಚಮಚ ಹಾಲಿನ ಪುಡಿಯನ್ನು ತಣ್ಣನೆಯ ಹಾಲಿನಲ್ಲೇ ಗಂಟಿಲ್ಲದಂತೆ ಕದಡಿಕೊಳ್ಳಿ. ಪ್ರೋಟೀನು ಹೆಚ್ಚಿ ಹಾಲಿಗೆ ಮೈ ಬರುತ್ತದೆ, ನೊರೆಯೂ ನಿಲ್ಲುತ್ತದೆ. ಬೆಳಿಗ್ಗೆ ಕಾಯಿಸಿಟ್ಟ ಹಾಲನ್ನೂ ಧಾರಾಳವಾಗಿ ಬಳಸಬಹುದು, ಆದರೆ ಅದರ ಮೇಲೆ ಕಟ್ಟಿದ ಕೆನೆಯನ್ನು ಪೂರ್ತಿ ತೆಗೆದು, ಸೋಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಕೊಂಡಿರಬೇಕು. ಬಿಡಿಯಾಗಿ ತೇಲುವ ಜಿಡ್ಡು ಗುಳ್ಳೆಗಳನ್ನು ಒಡೆಯುತ್ತದೆ. ಕೆನೆ ಇದ್ದರೆ ಒಳ್ಳೆಯದಲ್ಲವೇ ಎಂಬ ನಮ್ಮ ಎಣಿಕೆ ಇಲ್ಲಿ ತಿರುಗುಮುರುಗಾಗುತ್ತದೆ. ಮನೆಬಾಗಿಲಿಗೆ ಬರುವ ಕರೆದ ಹಾಲು ಪಾಶ್ಚರೀಕರಣಗೊಂಡಿರುವುದಿಲ್ಲವಾದ್ದರಿಂದ ಅದನ್ನು ಮೊದಲು ಚೆನ್ನಾಗಿ ಕುದಿಸಿ, ಆರಿಸಿ, ಆಮೇಲಷ್ಟೇ ಲ್ಯಾಟೆಗೆ ತೆಗೆದುಕೊಳ್ಳಬೇಕು.

ಮೊದಲು ಡಿಕಾಕ್ಷನ್ ಮಾಡಿಕೊಳ್ಳೋಣ. ನೀರು ಮರಳಲು ಶುರುವಾದ ಮೇಲೆ ಪುಡಿ ಹಾಕಿ, ಉರಿ ಸಣ್ಣಗೆ ಮಾಡಿ, 2 ನಿಮಿಷ ಕುದಿಯಲು ಬಿಡಿ. ನಂತರ ಒಲೆ ಆರಿಸಿ, ತಟ್ಟೆ ಮುಚ್ಚಿ 3 ನಿಮಿಷ ಹಾಗೆಯೇ ಇಡಿ. ಗಟ್ಟಿಯಾಗಲೆಂದು ಹತ್ತು ನಿಮಿಷ ಕುದಿಸುವವರಿದ್ದಾರೆ. ಅದರಿಂದ ಕಸುವು ಹೆಚ್ಚುವುದಕ್ಕಿಂತ ಒಗರೇ ಹೆಚ್ಚುತ್ತದೆ, ಪರಿಮಳವಂತೂ ಹಬೆಯೊಡನೆ ಹಾರಿಹೋಗುತ್ತದೆ. ಗಟ್ಟಿ ಬೇಕಿದ್ದರೆ ಪುಡಿ ಹೆಚ್ಚಿಸಬೇಕೇ ಹೊರತು ಸಮಯವನ್ನಲ್ಲ. ಸ್ಟೀಲಿನ ಜಾಲರಿಯ ಬದಲು ಬಿಳಿ ಹತ್ತಿ ಬಟ್ಟೆಯಲ್ಲಿ ಸೋಸಿದರೆ ತಳದಲ್ಲಿ ಗಷ್ಟು ಉಳಿಯುವುದಿಲ್ಲ. ಬಟ್ಟೆಯನ್ನು ಹಿಂಡಬೇಡಿ, ತಾನಾಗಿಯೇ ಇಳಿಯಲಿ. ಪುಡಿ ಸ್ವಲ್ಪ ನೀರು ಕುಡಿದುಕೊಂಡು, ಒಂದಿಷ್ಟು ಹಬೆಯಾಗಿ ಹೋಗಿ, ಕೊನೆಗೆ ಸುಮಾರು 200 ಮಿ.ಲೀ. ಕೆಂಗಂದು ಬಣ್ಣದ ಡಿಕಾಕ್ಷನ್ ಉಳಿಯುತ್ತದೆ. ಅದು ಬಿಸಿಯಿರುವಾಗಲೇ ಸಕ್ಕರೆ ಕರಗಿಸಿಬಿಡಿ. ನೊರೆಹಾಲು ಬೆರೆತ ಮೇಲೆ ಸಕ್ಕರೆ ಹಾಕಿ ತಿರುವಿದರೆ ಅಷ್ಟು ಹೊತ್ತು ಪಟ್ಟ ಶ್ರಮವೆಲ್ಲ ಒಡೆದುಹೋಗುತ್ತದೆ.

ಶುಂಠಿ, ಏಲಕ್ಕಿ ಬೇಕೆನ್ನುವವರು ಅವನ್ನು ಜಜ್ಜಿ, ಪುಡಿ ಹಾಕುವ ಮೊದಲೇ ನೀರಿನಲ್ಲಿ 3–4 ನಿಮಿಷ ಕುದಿಸಿಕೊಳ್ಳಬೇಕು. ಹಸಿ ಶುಂಠಿಯ ವಿಷಯದಲ್ಲಿ ಇದು ಕೇವಲ ರುಚಿಯ ಮಾತಲ್ಲ. ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ತುಂಡರಿಸುವ ಕಿಣ್ವವೊಂದಿದೆ; ಹಸಿ ರಸವನ್ನು ಬೆಚ್ಚಗಿನ ಹಾಲಿಗೆ ನೇರವಾಗಿ ಬೆರೆಸಿದರೆ ಹಾಲು ಒಡೆಯುತ್ತದೆ. ನೀರಿನಲ್ಲಿ ಕುದಿಸಿದಾಗ ಆ ಕಿಣ್ವ ಶಕ್ತಿ ಕಳೆದುಕೊಳ್ಳುತ್ತದೆ. ಬೆಲ್ಲಕ್ಕೂ ಇಂಥದೇ ಎಚ್ಚರಿಕೆ ಬೇಕು. ಬೆಲ್ಲದಲ್ಲಿ ತುಸು ಹುಳಿಯ ಅಂಶವಿರುವುದರಿಂದ ಹಾಲಿನೊಡನೆ ಕುದಿಸಿದರೆ ಅದು ಒಡೆಯುವ ಸಂಭವ ಹೆಚ್ಚು. ಲ್ಯಾಟೆಯಲ್ಲಿ ಹಾಲು ಬೇರೆಯೇ ಇರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ: ಬೆಲ್ಲವನ್ನು ಡಿಕಾಕ್ಷನ್‌ನಲ್ಲಿ ಕರಗಿಸಿ, ಸೋಸಿ, ಒಂದೆರಡು ನಿಮಿಷ ಆರಲು ಬಿಟ್ಟು ಆಮೇಲೆ ಹಾಲು ಸೇರಿಸಿ. ಮನೆಯ ಹಿತ್ತಲಿನಲ್ಲಿ ಮಜ್ಜಿಗೆ ಹುಲ್ಲು ಇದ್ದರೆ ಅದರ ಎರಡು ಎಸಳನ್ನು ಗಂಟು ಕಟ್ಟಿ ನೀರಿಗೆ ಹಾಕಿ ನೋಡಿ; ಏಲಕ್ಕಿಗಿಂತಲೂ ಅದು ಹಾಲಿನ ಸಿಹಿಗೆ ಚೆನ್ನಾಗಿ ಹೊಂದುತ್ತದೆಂಬುದು ನನ್ನ ಅನುಭವ.

ಡಿಕಾಕ್ಷನ್ ಮುಚ್ಚಿಟ್ಟ ಆ 3 ನಿಮಿಷಗಳಲ್ಲೇ ಹಾಲಿನ ಕೆಲಸ ಆರಂಭಿಸಬಹುದು. ದಪ್ಪ ತಳದ ಪಾತ್ರೆಯಲ್ಲಿ ತಣ್ಣನೆಯ ಹಾಲನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತ, ತಳ ಹಿಡಿಯದಂತೆ ಆಗಾಗ ಕೈಯಾಡಿಸುತ್ತಿರಿ. ತಲುಪಬೇಕಾದ ಬಿಸಿ 60ರಿಂದ 65 ಡಿಗ್ರಿ ಸೆಲ್ಸಿಯಸ್. 70 ಡಿಗ್ರಿ ದಾಟಿದ ಮೇಲೆ ಹಾಲಿನ ಕೆಲವು ಪ್ರೋಟೀನುಗಳು ಸ್ವರೂಪ ಬದಲಿಸಿ, ನಾವು ಕಾಯಿಸಿದ ಹಾಲಿನ ವಾಸನೆ ಎಂದು ಗುರುತಿಸುವ ವಾಸನೆ ಹೊರಡುತ್ತದೆ. ಆ ವಾಸನೆ ಚಹಾದ ಪರಿಮಳದ ಮೇಲೆ ಸವಾರಿ ಮಾಡುತ್ತದೆ. ಥರ್ಮಾಮೀಟರ್ ಇಲ್ಲದವರು ಹಾಲನ್ನೇ ನೋಡಿ ತಿಳಿಯಬಹುದು. ಮೇಲಿನಿಂದ ತೆಳುವಾದ ಹಬೆ ಎದ್ದು, ಪಾತ್ರೆಯ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಇನ್ನೇನು ಮೂಡಬೇಕು ಎನ್ನುವಾಗ ಇಳಿಸಿಬಿಡಿ. ಉಕ್ಕುವ ತನಕ ಕಾಯುವ ಅಭ್ಯಾಸ ನಮ್ಮ ಕೈಗೆ ಅಂಟಿಕೊಂಡಿರುವುದರಿಂದ ಇಷ್ಟು ಬೇಗ ಇಳಿಸಲು ಮನಸ್ಸು ಒಪ್ಪುವುದಿಲ್ಲ. ಪ್ಯಾಕೆಟ್ ಹಾಲು ಡೇರಿಯಲ್ಲೇ ಪಾಶ್ಚರೀಕರಣಗೊಂಡು ಬಂದಿರುತ್ತದೆ. ತಾಜಾ ಆಗಿದ್ದು, ಫ್ರಿಜ್ಜಿನಲ್ಲಿ ಇಟ್ಟದ್ದಾದರೆ ಈ ಬಿಸಿ ಸಾಕು.

ನೊರೆ ಬರಿಸಲು ನಮ್ಮ ಅಡುಗೆಮನೆಯಲ್ಲೇ ಒಳ್ಳೆಯ ಸಾಧನವಿದೆ, ಅದು ಕಡಗೋಲು. ಮಜ್ಜಿಗೆಯ ವಾಸನೆ ಇಲ್ಲದ, ಶುಚಿಯಾದ ಸಣ್ಣ ಕಡಗೋಲನ್ನು ಎತ್ತರವಾದ ಕಿರಿದಾದ ಪಾತ್ರೆಯಲ್ಲಿ ಇಳಿಸಿ, ಅದರ ತಲೆ ಹಾಲಿನ ಮೇಲ್ಮೈಗೆ ತುಸುವೇ ಕೆಳಗಿರುವಂತೆ ಹಿಡಿದು, ಅಂಗೈಗಳ ನಡುವೆ ಅರ್ಧ ನಿಮಿಷ ರಭಸವಾಗಿ ಕಡೆಯಿರಿ. ಹಾಲು ಒಂದೂವರೆ ಪಟ್ಟು ಏರಿದ ಮೇಲೆ ತಲೆಯನ್ನು ತಳದ ಕಡೆಗೆ ಇಳಿಸಿ ನಿಧಾನವಾಗಿ ಇನ್ನಷ್ಟು ಹೊತ್ತು ತಿರುಗಿಸಿದರೆ ದೊಡ್ಡ ಗುಳ್ಳೆಗಳು ಒಡೆದು ಸಣ್ಣವಾಗುತ್ತವೆ. ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ರಾದರ್ ಇದ್ದರೂ ಕ್ರಮ ಇದೇ: ಮೊದಲು ಮೇಲೆ, ಆಮೇಲೆ ಆಳದಲ್ಲಿ. ಫ್ರೆಂಚ್ ಪ್ರೆಸ್ ಉಳ್ಳವರು ಅದರ ಹಿಡಿಯನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿದರೆ ಸಾಕು. ಲೋಟ-ದವರಾದಲ್ಲಿ ಎತ್ತಿ ಹೊಯ್ದರೂ ನೊರೆ ಬರುತ್ತದೆ, ಆದರೆ ಗುಳ್ಳೆ ದಪ್ಪವಾಗಿರುತ್ತದೆ, ಹಾಲೂ ಬೇಗ ಆರುತ್ತದೆ. ಕಾಫಿಗೆ ಅದು ಸೊಗಸು, ಲ್ಯಾಟೆಗೆ ಸಾಲದು. ಮುಚ್ಚಳವಿರುವ ಡಬ್ಬಿಯಲ್ಲಿ ಕುಲುಕುವುದಾದರೆ ತಣ್ಣನೆಯ ಹಾಲನ್ನೇ ಕುಲುಕಿ, ನಂತರ ಪಾತ್ರೆಗೆ ಸುರಿದು ಬಿಸಿ ಮಾಡಿ. ಬಿಸಿ ಹಾಲನ್ನು ಮುಚ್ಚಿ ಕುಲುಕಿದರೆ ಒಳಗಿನ ಒತ್ತಡಕ್ಕೆ ಮುಚ್ಚಳ ಹಾರಿ ಕೈ ಸುಡುವ ಅಪಾಯವಿದೆ.

ನೊರೆ ಬಂದ ಮೇಲೆ ಪಾತ್ರೆಯನ್ನು ಕಟ್ಟೆಯ ಮೇಲೆ ಎರಡು ಸಲ ಮೆಲ್ಲನೆ ಕುಟ್ಟಿ, ಬಳಿಕ ವೃತ್ತಾಕಾರದಲ್ಲಿ ಆಡಿಸಿ. ಹಾಲು ಮತ್ತು ನೊರೆ ಬೇರೆ ಬೇರೆಯಾಗಿ ಕಾಣದೆ, ಹೊಸದಾಗಿ ಬಳಿದ ಬಣ್ಣದಂತೆ ಮೇಲ್ಮೈ ಹೊಳೆಯುವ ತನಕ ಆಡಿಸಬೇಕು. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಈ ಅರ್ಧ ನಿಮಿಷದಲ್ಲಿದೆ. ಇದನ್ನು ಬಿಟ್ಟರೆ ಕೆಳಗೆ ಹಾಲು-ಚಹಾ, ಮೇಲೆ ಸಾಬೂನಿನಂಥ ಬುರುಗು ಉಳಿಯುತ್ತದೆ.

ಎರಡು ಲೋಟಗಳನ್ನು ಬಿಸಿನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿಕೊಂಡು, ತಲಾ 100 ಮಿ.ಲೀ. ಡಿಕಾಕ್ಷನ್ ಹಾಕಿ. ಲೋಟವನ್ನು ತುಸು ಓರೆಯಾಗಿ ಹಿಡಿದು, ಹಾಲನ್ನು ಮೊದಲು ಸ್ವಲ್ಪ ಎತ್ತರದಿಂದ ಸಣ್ಣ ಧಾರೆಯಾಗಿ ಸುರಿಯಿರಿ, ಅದು ತಳಕ್ಕಿಳಿದು ಚಹಾದೊಡನೆ ಬೆರೆಯುತ್ತದೆ. ಮುಕ್ಕಾಲು ಭಾಗ ತುಂಬಿದ ಮೇಲೆ ಪಾತ್ರೆಯ ಬಾಯಿಯನ್ನು ಲೋಟದ ಹತ್ತಿರಕ್ಕೆ ತಂದರೆ ನೊರೆ ತಾನಾಗಿಯೇ ಮೇಲೆ ಜಾರಿ ಬಂದು ಕೂರುತ್ತದೆ. ನೊರೆ ಬೆರಳಿನಷ್ಟು ದಪ್ಪವಿದ್ದರೆ ಸಾಕು. ಕೂಡಲೇ ಕುಡಿಯಬೇಕು, ಲ್ಯಾಟೆ ಕಾಯುವ ಪಾನೀಯವಲ್ಲ.

ಬೇಸಿಗೆಯಲ್ಲಿ ಇದನ್ನೇ ತಣ್ಣಗೆ ಮಾಡುವುದಾದರೆ ಪುಡಿಯನ್ನು ಇನ್ನೊಂದು ಚಮಚ ಹೆಚ್ಚಿಸಿ, ಏಕೆಂದರೆ ಐಸ್ ಕರಗಿ ನೀರಾಗುತ್ತದೆ. ಫ್ರಿಜ್ಜಿನಲ್ಲಿಟ್ಟ ಗಟ್ಟಿ ಡಿಕಾಕ್ಷನ್ ಕೆಲ ಗಂಟೆಗಳಲ್ಲಿ ಮಸುಕಾಗಿ ಕಂಡರೆ ಕೆಟ್ಟಿದೆಯೆಂದು ಚೆಲ್ಲಬೇಡಿ. ತಣ್ಣಗಾದಾಗ ಚಹಾದಲ್ಲಿರುವ ಕೆಫೀನ್ ಮತ್ತು ಒಗರಿನ ಅಂಶಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹಾಗಾಗುತ್ತದೆ, ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಆದರೂ ಒಂದು ದಿನಕ್ಕಿಂತ ಹೆಚ್ಚು ಇಡದಿರುವುದು ಲೇಸು. ಹಸುವಿನ ಹಾಲು ಒಗ್ಗದವರಿಗೆ ಓಟ್ಸ್ ಹಾಲು ಹೊಂದುತ್ತದೆ. ಸೋಯಾ ಹಾಲು ಬಿಸಿ ಡಿಕಾಕ್ಷನ್‌ನಲ್ಲಿ ಒಡೆಯುವುದುಂಟು, ಹಾಗಾಗಿ ಡಿಕಾಕ್ಷನ್ ತುಸು ಆರಿದ ಮೇಲೆ ಬೆರೆಸಿ.

ಕೆಲಸ ಮುಗಿದ ಮೇಲೆ ಕಡಗೋಲನ್ನು ತಕ್ಷಣ ಬಿಸಿನೀರಿನಲ್ಲಿ ತೊಳೆದಿಡಿ, ಗೀರುಗಳಲ್ಲಿ ಹಾಲು ಒಣಗಿದರೆ ಮರುದಿನ ಹುಳಿ ವಾಸನೆ ಬರುತ್ತದೆ. ಸೋಸುವ ಬಟ್ಟೆಗೆ ಸಾಬೂನು ಹಾಕಬೇಡಿ, ಅದರ ಕಂಪು ನೂಲಿನಲ್ಲಿ ಉಳಿದು ಮುಂದಿನ ಡಿಕಾಕ್ಷನ್‌ಗೆ ಇಳಿಯುತ್ತದೆ. ಬರೀ ನೀರಿನಲ್ಲಿ ಜಾಲಾಡಿಸಿ, ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಬಿಸಿಲಿಗೆ ಹಾಕಿ ಒಣಗಿಸಿ.