ಬಟವಾಡೆ ದಿನದ ಸಂಜೆ: ಕುಡಿತ ಬಿಡಿಸುವ ಕೆಲಸದಲ್ಲಿ ನನ್ನ ಅನುಭವ

ಕೊಡಗಿನಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಕುಡಿತ ಬಿಡಿಸಲು ಕರೆತರುವ ಮನೆಯವರು ಸಾಮಾನ್ಯವಾಗಿ ಕೇಳುವುದು ಒಂದೇ: "ದೇವರ ಮೇಲೆ ಆಣೆ ಮಾಡಿಸಿ ಮೇಡಂ." ನಾನು ಆಣೆ ಮಾಡಿಸುವುದಿಲ್ಲ. ಬಟವಾಡೆ ದಿನ, ಅಂದರೆ ಕೂಲಿ ಕೈಗೆ ಬರುವ ದಿನ, ಹೇಗೆ ಕಳೆಯುತ್ತದೆ ಎಂದು ಕೇಳುತ್ತೇನೆ.

ಅದಕ್ಕೂ ಮೊದಲು ಡಾಕ್ಟರ್ ನೋಡಲೇಬೇಕು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಎರಡು ಮೂರು ದಿನದಲ್ಲಿ ಭ್ರಮೆ ಬರಬಹುದು. ಜೀವಕ್ಕೇ ಅಪಾಯ. ಗಂಡನಿಗೆ ಗೊತ್ತಾಗದಂತೆ ಕಾಫಿಗೆ ಕುಡಿತ ಬಿಡಿಸುವ ಮಾತ್ರೆ ಬೆರೆಸುವುದೂ ಅಷ್ಟೇ ಅಪಾಯ, ದಯವಿಟ್ಟು ಮಾಡಬೇಡಿ.

ಒಬ್ಬ ತೋಟದ ಕಾರ್ಮಿಕರಿಗೆ "ಕುಡಿಯಬೇಕು ಅನ್ನಿಸುವುದು ಯಾವಾಗ ಅಣ್ಣ?" ಎಂದು ಕೇಳಿದೆ. "ಯಾವಾಗಲೂ" ಎಂದರು. ಇಬ್ಬರೂ ಕೂತು ಶನಿವಾರವನ್ನು ಹಾಳೆಯ ಮೇಲೆ ಬರೆದೆವು. ಮಧ್ಯಾಹ್ನ ಅರೆಹೊಟ್ಟೆ. ಸಂಜೆ ಬಟವಾಡೆ. ಜೇಬಲ್ಲಿ ದುಡ್ಡು, ಜೊತೆಯವರ ಜೀಪು, ವೈನ್ ಶಾಪ್ ಮುಂದೆಯೇ ಇಳಿಯುವುದು. ಎಲ್ಲಿ ತಪ್ಪಿಸಬಹುದು ಎಂದು ಅವರೇ ಬೆರಳಿಟ್ಟು ತೋರಿಸಿದರು: "ಜೀಪು ಹತ್ತಿದ ಮೇಲೆ ಆಗಲ್ಲ ಮೇಡಂ. ಅದಕ್ಕೂ ಮುಂಚೆಯೇ ಆಗಬೇಕು." ಬಟವಾಡೆಗೆ ಹೆಂಡತಿಯೂ ಬರುವುದು, ದುಡ್ಡು ಅವರ ಕೈಗೆ, ಇಬ್ಬರೂ ನೇರ ಲೈನ್ ಮನೆಗೆ (ತೋಟದ ಕಾರ್ಮಿಕರ ಸಾಲುಮನೆ) ಹೋಗಿ ಹೊಟ್ಟೆ ತುಂಬ ಉಣ್ಣುವುದು ಎಂದು ತೀರ್ಮಾನವಾಯಿತು. ಕುಡಿಯುವ ಆಸೆ ಅಲೆಯ ಹಾಗೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಗೊಂದು ಕೆಲಸ ಬೇಕು.

ಬಿಡಬೇಕೆಂಬ ಕಾರಣವೂ ಅವರ ಬಾಯಿಂದಲೇ ಬರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ, ಪ್ರೇರಣಾ ಸಂದರ್ಶನ (ಮೋಟಿವೇಷನಲ್ ಇಂಟರ್ವ್ಯೂಯಿಂಗ್) ಎನ್ನುವ ಸಮಾಲೋಚನೆಯ ವಿಧಾನದ ಜೀವಾಳ ಇದು. ನಾವು ಉಪದೇಶ ಮಾಡಿದಷ್ಟೂ ಅವರು ಕುಡಿತದ ಪರವಾಗಿ ವಾದಿಸುತ್ತಾರೆ.

ನಮ್ಮಲ್ಲಿ ಇನ್ನೊಂದು ಕಷ್ಟ ಮದುವೆ ಮನೆ, ಪುತ್ತರಿ ಎಂಬ ಸುಗ್ಗಿ ಹಬ್ಬ. ಅಲ್ಲಿ ಗ್ಲಾಸ್ ಕೊಡುವುದು ಮರ್ಯಾದೆಯ ಲೆಕ್ಕ. ಹಾಗಾಗಿ ಬೇಡ ಎನ್ನುವುದನ್ನು ಅಭ್ಯಾಸ ಮಾಡಿಸುತ್ತೇನೆ. ನಾನೇ ಗ್ಲಾಸ್ ಹಿಡಿದು "ಒಂದೇ ಒಂದು ಭಾವ, ನನಗೋಸ್ಕರ" ಎನ್ನುತ್ತೇನೆ. ಆ ತೋಟದ ಕಾರ್ಮಿಕರು ಮೊದಲು "ಇವತ್ತು ಬೇಡ" ಎಂದರು. "ಹಾಗಾದರೆ ನಾಳೆ ಕೊಡ್ತಾರೆ ಅಲ್ವಾ?" ಎಂದೆ. "ನಾನು ಬಿಟ್ಟಿದ್ದೇನೆ ಭಾವ, ಕಾಫಿ ಕೊಡಿ" ಎನ್ನುವ ಮಾತು ನಾಲಿಗೆಗೆ ಹೊಂದುವವರೆಗೆ ಹೇಳಿಸಿದೆ.

ನಡುವೆ ಒಂದು ದಿನ ಕುಡಿದುಬಿಟ್ಟರೆ ಎಲ್ಲಾ ಮುಗಿಯಿತು ಎಂದು ಮನೆಯವರು ಕೈಬಿಡುತ್ತಾರೆ. ಆಗಲೇ ಕರೆದುಕೊಂಡು ಬನ್ನಿ. ಆ ದಿನವನ್ನೂ ಹಾಳೆಯ ಮೇಲೆ ಬರೆಯುತ್ತೇವೆ, ಯೋಜನೆ ತಿದ್ದುತ್ತೇವೆ. ಬರಲು ಆಗದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಕರೆ ಉಚಿತ.