ಮೂರನೆಯ ಸಹಿ

ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಅರವತ್ತು ಪುಟಗಳ ನಿಯಮಗಳ ಕೈಪಿಡಿಯೊಂದು ನಮ್ಮಲ್ಲಿತ್ತು. ಆಡಿಟ್‌ನವರು ಬಂದಾಗಷ್ಟೇ ಬೀರುವಿನಿಂದ ಹೊರಬರುತ್ತಿತ್ತು. ಕನ್ನಡ ಪ್ರತಿಯೂ ಇತ್ತೆನ್ನಿ. ‘ಸದರಿ ನೌಕರರು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯತಕ್ಕದ್ದು’ ಎನ್ನುವ ಜಾತಿಯ ಕನ್ನಡ. ಆ ಪ್ರಾಧಿಕಾರ ಯಾರೆಂದು ಸೂಪರ್‌ವೈಸರ್‌ಗೂ ಗೊತ್ತಿರಲಿಲ್ಲ.

ಆ ಕೈಪಿಡಿಯನ್ನು ತಿದ್ದಲು ಕೂರುವ ಮೊದಲು ಒಂದು ತಿಂಗಳು ನಮ್ಮ ಕಿಟಕಿಗೆ ಬಂದ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರಜೆ ಎಷ್ಟು ಉಳಿದಿದೆ, ಪಿಎಫ್ ಹಣ ಯಾಕೆ ಬಂದಿಲ್ಲ, ನಡುವೆ ಮನೆಗೆ ಹೋಗಬೇಕಾದರೆ ಯಾರನ್ನು ಕೇಳಬೇಕು: ತಿರುಗಿ ತಿರುಗಿ ಇವೇ ಏಳೆಂಟು.

ರಜೆಯ ಪುಟ ಬೇಗ ಮುಗಿಯಿತು. ‘ಗಳಿಕೆ ರಜೆ’ ಎಂದು ಯಾರೂ ಅನ್ನುವುದಿಲ್ಲವಾದ್ದರಿಂದ ‘ಇಎಲ್’ ಎಂದೇ ಬರೆದೆ. ಆಗಿನ ನಿಯಮದಂತೆ ವರ್ಷಕ್ಕೆ 240 ದಿನ ದುಡಿದಿದ್ದರೆ 20 ದಿನಕ್ಕೊಂದರಂತೆ ರಜೆ. ಹೋದ ವರ್ಷ 280 ದಿನ ಬಂದವರಿಗೆ ಈ ವರ್ಷ 14. ಆ ಲೆಕ್ಕ ನೋಡಿದ ಮೇಲೆ ವಿವರಣೆ ಬೇಕಾಗಲಿಲ್ಲ.

ಗೇಟ್ ಪಾಸ್ ಪುಟವನ್ನೂ ಹಾಗೆಯೇ ತಿಳಿಗನ್ನಡಕ್ಕೆ ಇಳಿಸಿ, ಹಿರಿಯ ಟೈಲರ್ ಒಬ್ಬರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಅರ್ಥವಾಯಿತು ಸರ್. ಮಗುವಿಗೆ ಜ್ವರ ಎಂದು ಫೋನ್ ಬಂದಾಗ ಮೂರು ಸಹಿಗೆ ಎಲ್ಲಿ ಅಲೆಯಲಿ?” ಎಂದರು. ಹೋಗಿ ವಿಚಾರಿಸಿದರೆ, ಮೂರನೆಯ ಸಹಿ ಹಾಕಬೇಕಾದ ಹುದ್ದೆಯೇ ರದ್ದಾಗಿ ಎರಡು ವರ್ಷವಾಗಿತ್ತು! ಅಷ್ಟು ದಿನವೂ ಸೆಕ್ಯೂರಿಟಿಯವರು ಮುಖ ನೋಡಿ ಬಿಡುತ್ತಿದ್ದರು, ಅಥವಾ ಬಿಡುತ್ತಿರಲಿಲ್ಲ. ನಾನು ಮಾತ್ರ ವಾಕ್ಯ ಚೆಂದ ಮಾಡುತ್ತ ಕುಳಿತಿದ್ದೆ.

ಅಲ್ಲಿಂದ ಬರವಣಿಗೆ ನಿಂತು ಜಗಳ ಶುರುವಾಯಿತು. ಸಹಿ ಕಡಿಮೆಯಾದರೆ ಎಲ್ಲರೂ ಎದ್ದು ಹೋಗುತ್ತಾರೆ, ಟಾರ್ಗೆಟ್ ಏನಾಗಬೇಕು ಎಂದು ಉತ್ಪಾದನಾ ವಿಭಾಗದವರ ವಾದ. ಮೂರು ಸಭೆಗಳಾದ ಮೇಲೆ ಒಂದೇ ಸಹಿಗೆ ಒಪ್ಪಿದರು: ಲೈನ್ ಸೂಪರ್‌ವೈಸರದು, ಅವರಿಲ್ಲದಿದ್ದರೆ ನಮ್ಮ ಕಿಟಕಿಯದು. ಎರಡು ಪುಟದ ನಿಯಮ ನಾಲ್ಕು ಸಾಲಾಯಿತು. ಅದನ್ನು ದಪ್ಪ ಅಕ್ಷರದಲ್ಲಿ ಗೇಟಿನ ಬಳಿಯೇ ಅಂಟಿಸಿದೆವು, ಸೆಕ್ಯೂರಿಟಿಯವರೂ ಓದಬೇಕಲ್ಲ.

ಪಿಎಫ್ ಪುಟ ಮಾತ್ರ ನನಗೆ ಕೊನೆಗೂ ಒಲಿಯಲಿಲ್ಲ. ಆಧಾರ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ, ನಮ್ಮ ದಾಖಲೆಯಲ್ಲಿ ತಂದೆಯ ಇನಿಷಿಯಲ್ ಇರುತ್ತದೆ, ಹೆಸರು ತಾಳೆಯಾಗದೆ ಹಣ ನಿಲ್ಲುತ್ತದೆ. ಒಬ್ಬೊಬ್ಬರದು ಒಂದೊಂದು ತೊಡಕು. ಆ ಪುಟದಲ್ಲಿ ಒಂದೇ ಸಾಲು ಬರೆದೆ: ಬುಧವಾರ ಊಟದ ಹೊತ್ತಿನಲ್ಲಿ ಆಧಾರ್ ಕಾರ್ಡ್ ಹಿಡಿದು ಕ್ಯಾಂಟೀನ್ ಪಕ್ಕದ ಮೇಜಿಗೆ ಬನ್ನಿ.