ರಿಸರ್ಚ್ ಕೋರ್ಸ್‌ನಲ್ಲಿ ಕಲಿತದ್ದನ್ನು ಬರೆದಿಡುವುದು ಹೇಗೆ?

ಎಂ.ಇಡಿ. ವಿದ್ಯಾರ್ಥಿಗಳ ರಿಫ್ಲೆಕ್ಟಿವ್ ಜರ್ನಲ್‌ಗಳಲ್ಲಿ (ತಮ್ಮ ಕಲಿಕೆಯನ್ನು ತಾವೇ ಅವಲೋಕಿಸಿ ಬರೆದಿಡುವ ಪುಸ್ತಕಗಳಲ್ಲಿ) ಪದೇ ಪದೇ ಸಿಗುವ ಸಾಲು: ‘ಈ ಕೋರ್ಸ್‌ನಿಂದ ಬಹಳಷ್ಟು ಕಲಿತೆ’. ಇದನ್ನು ತರಗತಿಗೆ ಕಾಲಿಡದವರೂ ಬರೆಯಬಹುದು. ಯಾವ ನಿರ್ಧಾರ ಬದಲಾಯಿತು, ಏಕೆ ಬದಲಾಯಿತು ಎಂಬುದು ಪುಟದ ಮೇಲೆ ಕಾಣಬೇಕು.

ಮೊದಲ ಕೆಲಸ, ಹಳೆಯ ಕರಡು ಉಳಿಸುವುದು. ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ), ಗೈಡ್ ತಿದ್ದಿಕೊಟ್ಟ ಪ್ರತಿ, ಪ್ರಶ್ನಾವಳಿ ಎಲ್ಲಕ್ಕೂ ದಿನಾಂಕ ಹಾಕಿ ಬೇರೆ ಬೇರೆ ಫೈಲ್ ಮಾಡಿ. ಒಂದೇ ಫೈಲನ್ನು ತಿದ್ದುತ್ತಾ ಹೋದರೆ ಕೊನೆಗೆ ಉಳಿಯುವುದು ನೆನಪು ಮಾತ್ರ. ಅದಕ್ಕೋ ನಮ್ಮ ತಪ್ಪನ್ನು ಮೆದುವಾಗಿ ಹೇಳುವ ಚಾಳಿ.

ವಾರಕ್ಕೆ 20 ನಿಮಿಷ ಸಾಕು. ಎಡಪುಟದಲ್ಲಿ ನಡೆದದ್ದು, ಬಲಪುಟದಲ್ಲಿ, ಎರಡು ದಿನ ಬಿಟ್ಟು, ಅದರಿಂದ ತಿಳಿದದ್ದು.

ಪ್ರಶ್ನಾವಳಿಯ ಒಂದು ವಾಕ್ಯ ನೋಡಿ: ‘ನಮ್ಮ ಶಿಕ್ಷಕರು ಸ್ಪಷ್ಟವಾಗಿ, ಆಸಕ್ತಿ ಹುಟ್ಟುವಂತೆ ಪಾಠ ಮಾಡುತ್ತಾರೆ’. ಪಾಠ ಅರ್ಥವಾಗುತ್ತದೆ ಆದರೆ ಬೇಜಾರು ಎನ್ನುವ ಒಂಬತ್ತನೇ ತರಗತಿಯ ಹುಡುಗಿ ಎಲ್ಲಿ ಟಿಕ್ ಹಾಕಬೇಕು? ‘ತಟಸ್ಥ’ಕ್ಕೆ ಹಾಕಿ ಮುಂದೆ ಹೋಗುತ್ತಾಳೆ. ಪೈಲಟ್‌ನಲ್ಲಿ, ಅಂದರೆ ಕೆಲವೇ ಮಕ್ಕಳಿಗೆ ಮೊದಲು ಕೊಟ್ಟು ನೋಡುವಾಗ, ಒಂದೇ ವಾಕ್ಯಕ್ಕೆ ‘ತಟಸ್ಥ’ ಗುಡ್ಡೆಬಿದ್ದರೆ ಮಕ್ಕಳಿಗೆ ಅಭಿಪ್ರಾಯವಿಲ್ಲವೆಂದು ಬಗೆಯಬೇಡಿ; ಅದರೊಳಗೆ ಎರಡು ಪ್ರಶ್ನೆ ಸೇರಿಕೊಂಡಿವೆಯೇ ನೋಡಿ. ಜರ್ನಲ್‌ನಲ್ಲಿ ಹಳೆಯ ವಾಕ್ಯ, ಉತ್ತರಗಳ ಎಣಿಕೆ, ಒಡೆದು ಮಾಡಿದ ಎರಡು ವಾಕ್ಯ ಮೂರನ್ನೂ ಅಂಟಿಸಿ, ಕೆಳಗೆ ಕಾರಣ ಬರೆಯಿರಿ. ಪ್ರಶ್ನಾವಳಿಯ ವಿಶ್ವಾಸಾರ್ಹತೆಯ ಅಂಕವಾದ ಕ್ರೋನ್‌ಬಾಕ್ ಆಲ್ಫಾ ಹಿಡಿದು ‘ಆಲ್ಫಾ 0.70 ದಾಟಿತು’ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ವಾಕ್ಯಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನಷ್ಟೇ ಆಲ್ಫಾ ಹೇಳುತ್ತದೆ, ಅಳೆಯಬೇಕಾದ್ದನ್ನೇ ಅಳೆಯುತ್ತಿವೆಯೇ ಎಂಬುದನ್ನಲ್ಲ. ಅದೇ ಬಗೆಯ ವಾಕ್ಯಗಳ ಸಂಖ್ಯೆ ಹೆಚ್ಚಿಸಿದರೂ ಅದು ಸಾಮಾನ್ಯವಾಗಿ ಏರುತ್ತದೆ.

ಜರ್ನಲ್ ಬರವಣಿಗೆಗೆ ಚೌಕಟ್ಟು ಬೇಕಿದ್ದರೆ ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳಿವೆ: ವಿವರಣೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ. ಮೊದಲ ಎರಡರಲ್ಲೇ ಪುಟ ಮುಗಿದುಹೋಗುವುದು ಮಾಮೂಲಿ ಎಡವಟ್ಟು. ವಿವರಣೆಗೆ ಐದು ಸಾಲು ಕೊಡಿ, ವಿಶ್ಲೇಷಣೆಗೆ ಅರ್ಧ ಪುಟ.

ಫಲಿತಾಂಶದ ವಾರದಲ್ಲಿ ಇನ್ನೊಂದು ಎಚ್ಚರ. ಶೂನ್ಯ ಪ್ರಾಕ್ಕಲ್ಪನೆ (ಗುಂಪುಗಳ ನಡುವೆ ವ್ಯತ್ಯಾಸವಿಲ್ಲ ಎಂಬ ಊಹೆ) ತಿರಸ್ಕೃತವಾಗದಿದ್ದರೆ ‘ಸಂಶೋಧನೆ ಸೋತಿತು’ ಎಂದಾಗಲಿ ‘ವ್ಯತ್ಯಾಸವೇ ಇಲ್ಲ’ ಎಂದಾಗಲಿ ಬರೆಯಬೇಡಿ. 30 ಮಕ್ಕಳ ಎರಡು ಗುಂಪುಗಳಲ್ಲಿ ಸಣ್ಣ ವ್ಯತ್ಯಾಸ ಇದ್ದರೂ ಲೆಕ್ಕಕ್ಕೆ ಸಿಗದೆ ಹೋಗಬಹುದು.

ಮುಂದಿನ ಯೋಜನೆಯಲ್ಲಿ ‘ಇನ್ನು ಎಚ್ಚರ ವಹಿಸುತ್ತೇನೆ’ ಬೇಡ. ‘ಮುಖ್ಯ ಶಿಕ್ಷಕರ ಲಿಖಿತ ಅನುಮತಿ ಪಡೆದು, ಪರೀಕ್ಷೆಯ ವಾರ ಬಿಟ್ಟು, ಎರಡನೇ ಪೀರಿಯಡ್‌ನಲ್ಲಿ ಪ್ರಶ್ನಾವಳಿ ಕೊಡುತ್ತೇನೆ’ ಎಂದು ಬರೆಯಿರಿ.